ಎಕನಾಮಿಕ್ಸ್ ವಿದ್ಯಾರ್ಥಿಯ ಸ್ಟ್ಯಾಟ್ಸ್ ಪೇಪರ್: ಎಡವುವುದು ಎಲ್ಲಿ?

ಪಿಯುಸಿಯಲ್ಲಿ ಇತಿಹಾಸ, ಎಕನಾಮಿಕ್ಸ್, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಇರುವ ಹೆಚ್‌ಇಪಿಎಸ್ ಮುಗಿಸಿ, ‘ಸದ್ಯ, ಲೆಕ್ಕದ ಕಾಟ ತಪ್ಪಿತು’ ಅಂತ ಬಿ.ಎ.ಗೆ ಎಕನಾಮಿಕ್ಸ್ ತಗೊಂಡವರಿಗೆ ಟೈಮ್‌ಟೇಬಲ್‌ನಲ್ಲಿ ಸಂಖ್ಯಾಶಾಸ್ತ್ರ ಕಂಡಾಗ ಮೋಸ ಹೋದ ಹಾಗೆ ಅನ್ನಿಸುತ್ತದೆ. ಸೆಮಿಸ್ಟರ್ ಶುರುವಾಗಿ ಒಂದು ತಿಂಗಳು ಕಳೆದರೆ ಸ್ವಲ್ಪ ಧೈರ್ಯ ಬರುತ್ತದೆ. ಸರಾಸರಿ, ಮಧ್ಯಾಂಕ, ಮಾನಕ ವಿಚಲನೆ ಎಲ್ಲ ಕಾಲಂ ಹಾಕಿ, ಕೂಡಿಸಿ, ಭಾಗಿಸುವ ಕೆಲಸ. ಕ್ಯಾಲ್ಕುಲೇಟರ್ ಇದ್ದರೆ ಆಯಿತು. ಮೊದಲ ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಕೂಡ ಚೆನ್ನಾಗೇ ಬರುತ್ತವೆ.

ಎಡವುವುದು ಅದರ ನಂತರ. ಸಂಭವನೀಯತೆ, ಮಾದರಿ (ಸ್ಯಾಂಪಲ್), ಹೈಪಾಥಿಸಿಸ್ ಟೆಸ್ಟಿಂಗ್, ರಿಗ್ರೆಶನ್ ಅಂತ ಪಾಠ ಮುಂದೆ ಹೋದ ಹಾಗೆ ಕ್ಲಾಸು ಮೌನವಾಗುತ್ತದೆ. ‘ನನಗೆ ಮ್ಯಾಥ್ಸ್ ವೀಕು’ ಅಂತ ಎಲ್ಲರೂ ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಾರೆ. ನನಗೆ ಈ ಮಾತಿನಲ್ಲಿ ನಂಬಿಕೆ ಇಲ್ಲ. ಎರಡನೇ ಅರ್ಧಕ್ಕೆ ಬೇಕಾದ ಗಣಿತ ವರ್ಗಮೂಲ ಮತ್ತು ಭಾಗಾಕಾರ, ಅಷ್ಟೇ. ಅಲ್ಲಿ ತಪ್ಪಿಹೋಗುವುದು ಒಂದೇ ಒಂದು ವಿಷಯ: ಸ್ಟ್ಯಾಂಡರ್ಡ್ ಎರರ್, ಅಂದರೆ ಮಾದರಿಯಿಂದ ಮಾಡಿದ ಅಂದಾಜು ಎಷ್ಟು ತಪ್ಪಬಹುದು ಎನ್ನುವ ಅಳತೆ. ಗೈಡ್‌ಗಳಲ್ಲಿ ಅದಕ್ಕೆ ಒಂದು ಸೂತ್ರ, ಎರಡು ಸಾಲು. ಅದು ತಲೆಗೆ ಹೋಗದಿದ್ದರೆ ಮುಂದಿನ ಪಾಠಗಳೆಲ್ಲ ಬರೀ ಸೂತ್ರಗಳ ಪಟ್ಟಿ ಆಗಿಬಿಡುತ್ತವೆ. ಹೋದರೆ, ಟಿ ಟೆಸ್ಟ್‌ನಿಂದ ಹಿಡಿದು ರಿಗ್ರೆಶನ್ ಟೇಬಲ್‌ವರೆಗೆ ಎಲ್ಲ ಒಂದೇ ಕಥೆ ಅಂತ ಗೊತ್ತಾಗುತ್ತದೆ.

ಅಲ್ಲಿಗೆ ಹೋಗುವ ಮೊದಲು ಮೊದಲರ್ಧದ ಎರಡು ಮೂರು ವಿಷಯ. ಸುಲಭ ಅಂತ ಓಡಿಸಿಬಿಡುವ ಭಾಗ ಅದು. ಆದರೆ ಎಕನಾಮಿಕ್ಸ್ ಇರುವುದೇ ಅಲ್ಲಿ.

ಸರಾಸರಿ, ಛೇದ, ಬೆಲೆ ಸೂಚ್ಯಂಕ

ತಿಂಗಳಿಗೆ 15,000 ರೂಪಾಯಿ ದುಡಿಯುವ 10 ಜನ ಇದ್ದಾರೆ ಅನ್ನಿ. ಅವರ ಜೊತೆ 4,50,000 ಸಂಬಳದ ಒಬ್ಬರು ಬಂದು ಕೂತರು. ಈಗ ಸರಾಸರಿ 54,545. ಅಷ್ಟು ದುಡಿಯುವವರು ಆ ಗುಂಪಿನಲ್ಲಿ ಒಬ್ಬರೂ ಇಲ್ಲ. ಮಧ್ಯಾಂಕ, ಅಂದರೆ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ಬರುವವರ ಸಂಬಳ, ಮಾತ್ರ 15,000ದಲ್ಲೇ ಇದೆ. ಆದಾಯ, ಆಸ್ತಿ, ಜಮೀನು, ಸಾಲ ಇವೆಲ್ಲ ಹೀಗೆ ಒಂದು ಕಡೆ ಎಳೆದುಕೊಂಡಿರುವ ಅಂಕಿಗಳು. ಅದಕ್ಕೇ ಇಂಥ ಕಡೆ ಸರಾಸರಿಯನ್ನು ಒಂಟಿಯಾಗಿ ನಂಬಬಾರದು. ಇದು ಎಲ್ಲರಿಗೂ ಬೇಗ ಅರ್ಥವಾಗುತ್ತದೆ, ಮುಂದೆ ಹೋಗೋಣ.

ಛೇದದ ವಿಷಯ ಅಷ್ಟು ಬೇಗ ಅರ್ಥವಾಗುವುದಿಲ್ಲ. ನಿರುದ್ಯೋಗ ದರ ಅಂದರೆ ಕೆಲಸ ಇಲ್ಲದವರನ್ನು ಇಡೀ ಜನಸಂಖ್ಯೆಯಿಂದ ಭಾಗಿಸುವುದಲ್ಲ. ಕೆಲಸದಲ್ಲಿ ಇರುವವರು, ಕೆಲಸ ಬೇಕು ಎನ್ನುವವರು, ಈ ಇಬ್ಬರು ಸೇರಿದ ದುಡಿಮೆ ಬಲದಿಂದ ಭಾಗಿಸಬೇಕು. ದುಡಿಮೆ ಬಲದಲ್ಲಿ 60 ಜನ, ಅದರಲ್ಲಿ 6 ಜನಕ್ಕೆ ಕೆಲಸ ಇಲ್ಲ ಅಂದರೆ ದರ 10%. ಆ ಆರರಲ್ಲಿ ಮೂವರು ಹುಡುಕಿ ಹುಡುಕಿ ಸಾಕಾಗಿ ಮನೆಯಲ್ಲಿ ಕೂತರು ಅನ್ನಿ. ಈಗ ದುಡಿಮೆ ಬಲ 57, ನಿರುದ್ಯೋಗಿಗಳು 3. ದರ 5.3%. ಒಬ್ಬರಿಗೂ ಹೊಸ ಕೆಲಸ ಸಿಕ್ಕಿಲ್ಲ, ದರ ಮಾತ್ರ ಅರ್ಧಕ್ಕೆ ಇಳಿದಿದೆ. ನಿರುದ್ಯೋಗ ಇಳಿದಿದೆ ಅನ್ನುವ ಸುದ್ದಿ ಬಂದಾಗಲೆಲ್ಲ ಪಕ್ಕದಲ್ಲೇ ದುಡಿಮೆ ಬಲದ ಭಾಗವಹಿಸುವಿಕೆಯ ದರವನ್ನೂ (ಒಟ್ಟು ಜನರಲ್ಲಿ ದುಡಿಮೆ ಬಲದಲ್ಲಿ ಇರುವವರ ಪಾಲು) ನೋಡಬೇಕು ಅನ್ನುವುದು ಇದಕ್ಕೇ.

ಇನ್ನು ಸೂಚ್ಯಂಕ, ಅಂದರೆ ಬೆಲೆಗಳು ಒಟ್ಟಾರೆ ಎಷ್ಟು ಏರಿವೆ ಅಂತ ಒಂದೇ ಅಂಕಿಯಲ್ಲಿ ಹೇಳುವುದು. ಲಾಸ್‌ಪೇರ್, ಪಾಶೆ, ಫಿಶರ್ ಅಂತ ಮೂರು ಸೂತ್ರ ಬಾಯಿಪಾಠ ಮಾಡಿ ಹತ್ತು ಮಾರ್ಕ್ಸ್ ತಗೊಳ್ಳುವ ಪ್ರಾಬ್ಲಂ ಇದು. ಪೇಪರ್‌ನಲ್ಲಿ ದಿನಾ ಬರುವ ಹಣದುಬ್ಬರಕ್ಕೂ ಇದಕ್ಕೂ ಏನು ಸಂಬಂಧ ಅಂತ ಹೇಳುವವರು ಕಡಿಮೆ. ಜರ್ಮನಿಯ ಎಟಿಯೆನ್ ಲಾಸ್‌ಪೇರ್ 1871ರಲ್ಲಿ ಹೇಳಿದ್ದು ಸರಳ: ಹಳೆಯ ವರ್ಷದ ಬುಟ್ಟಿಯನ್ನೇ ಹಿಡಿದುಕೊಳ್ಳಿ, ಅದೇ ಸಾಮಾನಿಗೆ ಇವತ್ತು ಎಷ್ಟಾಗುತ್ತದೆ ನೋಡಿ. ಪಾಶೆ 1874ರಲ್ಲಿ ಇವತ್ತಿನ ಬುಟ್ಟಿ ಹಿಡಿದರು. ಎರಡರ ಗುಣೋತ್ತರ ಸರಾಸರಿಯನ್ನು (ಎರಡನ್ನೂ ಗುಣಿಸಿ ವರ್ಗಮೂಲ ತೆಗೆದದ್ದು) ‘ಆದರ್ಶ’ ಅಂತ ಕರೆದದ್ದು ಅಮೆರಿಕದ ಅರ್ವಿಂಗ್ ಫಿಶರ್. ಟಿ ಟೇಬಲ್, ಎಫ್ ಟೆಸ್ಟ್ ಪಾಠಗಳಲ್ಲಿ ಬರುವ ಫಿಶರ್ ಬೇರೆ, ಅವರು ಇಂಗ್ಲೆಂಡಿನ ರೊನಾಲ್ಡ್ ಫಿಶರ್. ಇಬ್ಬರನ್ನೂ ಒಬ್ಬರೇ ಮಾಡಿ ಬರೆದ ಉತ್ತರಗಳು ಬೇಕಾದಷ್ಟಿವೆ.

ಭಾರತದ ಗ್ರಾಹಕ ಬೆಲೆ ಸೂಚ್ಯಂಕ ಲಾಸ್‌ಪೇರ್ ದಾರಿಯದ್ದು. 2012 ಅನ್ನು ಆಧಾರ ವರ್ಷ ಮಾಡಿದ ಸರಣಿಯಲ್ಲಿ ಆಹಾರ ಮತ್ತು ಪಾನೀಯಗಳ ತೂಕ, ಅಂದರೆ ಒಟ್ಟು ಖರ್ಚಿನಲ್ಲಿ ಅವುಗಳ ಪಾಲು, 100ಕ್ಕೆ 45.86 ಇತ್ತು. ಆ ತೂಕ ಬಂದದ್ದು 2011-12ರ ಬಳಕೆ ವೆಚ್ಚದ ಸಮೀಕ್ಷೆಯಿಂದ. ಈಗ ಒಂದು ಲೆಕ್ಕ ಮಾಡೋಣ. ಆಹಾರದ ಬೆಲೆ 8% ಏರಿದೆ, ಉಳಿದದ್ದು 2%. ಆ ತೂಕ ಹಾಕಿದರೆ ಸೂಚ್ಯಂಕ ಹೇಳುವುದು ಸುಮಾರು 4.75%. ಖರ್ಚಿನಲ್ಲಿ 60% ಊಟಕ್ಕೇ ಹೋಗುವ ಮನೆಗೆ ಏರಿಕೆ 5.6%. ಊಟಕ್ಕೆ 25% ಸಾಕಾಗುವ ಮನೆಗೆ 3.5%. ‘ಟಿವಿಯಲ್ಲಿ ಅಷ್ಟು ಹೇಳ್ತಾರೆ, ನಮ್ಮ ಮನೆ ಬಿಲ್ಲು ಮಾತ್ರ ಜಾಸ್ತಿ’ ಎನ್ನುವವರು ಸುಳ್ಳು ಹೇಳುತ್ತಿಲ್ಲ, ಟಿವಿಯೂ ಸುಳ್ಳು ಹೇಳುತ್ತಿಲ್ಲ. ತೂಕ ಬೇರೆ ಬೇರೆ, ಅಷ್ಟೇ. ತೂಕಗಳು ಹಳೆಯದಾಗುತ್ತಾ ಹೋಗುತ್ತವೆ ಎನ್ನುವುದೂ ಇಲ್ಲೇ ಕಾಣುತ್ತದೆ. ಗ್ರಾಮೀಣ ಭಾರತದಲ್ಲಿ 1999-2000ದಲ್ಲಿ ಖರ್ಚಿನ 59.4% ಆಹಾರಕ್ಕೆ ಹೋಗುತ್ತಿತ್ತು. 2022-23ರ ಸಮೀಕ್ಷೆಯಲ್ಲಿ ಅದು 46.4%. ಬುಟ್ಟಿ ಬದಲಾಗುತ್ತಿರುವಾಗ ಆಧಾರ ವರ್ಷವನ್ನೂ ಬದಲಿಸಲೇಬೇಕು, ಅಲ್ವಾ?

ಐದು ಮನೆಗಳ ಊರು

ಈಗ ಮುಖ್ಯ ವಿಷಯಕ್ಕೆ ಬರೋಣ. ಪೆನ್ನು ಪೇಪರ್ ತಗೊಂಡು ಜೊತೆಗೇ ಮಾಡಿದರೆ ಒಳ್ಳೆಯದು.

ಒಂದು ಊರಲ್ಲಿ ಐದೇ ಮನೆ. ತಿಂಗಳಿಗೆ ಹಾಲಿಗೆ ಮಾಡುವ ಖರ್ಚು, ನೂರು ರೂಪಾಯಿಗಳ ಲೆಕ್ಕದಲ್ಲಿ: 2, 4, 6, 8, 10. ನಿಜವಾದ ಸರಾಸರಿ 6. ಮಾನಕ ವಿಚಲನೆ, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅಂತ ಹೇಳುವ ಎಸ್‌ಡಿ, 2.83. ಇದು ನಮಗೆ ಗೊತ್ತು. ಆದರೆ ಸರ್ವೇಗೆ ಬಂದವರಿಗೆ ಗೊತ್ತಿಲ್ಲ. ಅವರ ಹತ್ತಿರ ಎರಡು ಮನೆಗೆ ಹೋಗುವಷ್ಟೇ ಸಮಯ ಇದೆ. ಚೀಟಿ ಎತ್ತಿ ಎರಡು ಮನೆ ಆರಿಸುತ್ತಾರೆ, ಸರಾಸರಿ ಬರೆದುಕೊಂಡು ಹೋಗುತ್ತಾರೆ.

ಐದರಲ್ಲಿ ಎರಡನ್ನು ಆರಿಸಲು ಒಟ್ಟು 10 ದಾರಿ. ಎಲ್ಲವನ್ನೂ ಬರೆಯಿರಿ. 2 ಮತ್ತು 4 ಬಂದರೆ ಸರಾಸರಿ 3. 2 ಮತ್ತು 6 ಬಂದರೆ 4. ಹೀಗೆ ಹತ್ತೂ ಬರೆದು ಸಾಲಾಗಿ ಜೋಡಿಸಿದರೆ: 3, 4, 5, 5, 6, 6, 7, 7, 8, 9.

ಈ ಸಾಲನ್ನು ಸುಮ್ನೆ ಒಂದು ನಿಮಿಷ ನೋಡಿ. ಇಡೀ ಕೋರ್ಸಿನ ಎರಡನೇ ಅರ್ಧ ಇದರಲ್ಲಿದೆ.

ಮೊದಲನೆಯದು, ಈ ಹತ್ತರ ಸರಾಸರಿ 6. ಊರಿನ ನಿಜವಾದ ಸರಾಸರಿಯೂ 6. ಅಂದರೆ ಒಂದೊಂದು ಮಾದರಿ ಹೆಚ್ಚೋ ಕಡಿಮೆಯೋ ಹೇಳಬಹುದು, ಆದರೆ ಚೀಟಿ ಎತ್ತುವ ವಿಧಾನದಲ್ಲಿ ಪಕ್ಷಪಾತ ಇಲ್ಲ. ಪುಸ್ತಕದಲ್ಲಿ ಅನ್‌ಬಯಸ್ಡ್ ಅಂತ ಇರುವುದು ಇದನ್ನೇ.

ಎರಡನೆಯದು, ಸರ್ವೇಯವರ ಕೈಗೆ ಈ ಹತ್ತರಲ್ಲಿ ಒಂದು ಮಾತ್ರ ಸಿಗುತ್ತದೆ. ಯಾವುದು ಅಂತ ಅವರಿಗೂ ಗೊತ್ತಿಲ್ಲ. 3 ಸಿಕ್ಕರೆ ತುಂಬಾ ತಪ್ಪು, 6 ಸಿಕ್ಕರೆ ಸರಿ. ಹಾಗಾದರೆ ಸಾಮಾನ್ಯವಾಗಿ ಎಷ್ಟು ತಪ್ಪಬಹುದು? ಅದನ್ನು ತಿಳಿಯಲು ಈ ಹತ್ತು ಸರಾಸರಿಗಳ ಎಸ್‌ಡಿ ತೆಗೆಯಿರಿ. 1.73 ಬರುತ್ತದೆ. ಅದೇ ಸ್ಟ್ಯಾಂಡರ್ಡ್ ಎರರ್.

ಎಸ್‌ಡಿ ಹೇಳುವುದು ಮನೆಗಳು ಒಂದಕ್ಕೊಂದು ಎಷ್ಟು ಬೇರೆ ಇವೆ ಅಂತ. ಸ್ಟ್ಯಾಂಡರ್ಡ್ ಎರರ್ ಹೇಳುವುದು ನಮ್ಮ ಅಂದಾಜು ಎಷ್ಟು ತಪ್ಪಬಹುದು ಅಂತ. ಮನೆಗಳ ವ್ಯತ್ಯಾಸ ಊರಿನ ಗುಣ, ಸರ್ವೇಯವರು ಅದನ್ನು ಬದಲಿಸಲಾರರು. ಅಂದಾಜಿನ ತಪ್ಪನ್ನು ಕಡಿಮೆ ಮಾಡುವುದು ಅವರ ಕೈಯಲ್ಲಿದೆ. ಎರಡರ ಬದಲು ನಾಲ್ಕು ಮನೆಗೆ ಹೋದರೆ ಏನಾಗುತ್ತದೆ ನೋಡಿ. ನಾಲ್ಕನ್ನು ಆರಿಸಲು ಐದು ದಾರಿ, ಸರಾಸರಿಗಳು 5, 5.5, 6, 6.5, 7. ಈಗ ಅತಿ ಕೆಟ್ಟ ಮಾದರಿ ಸಿಕ್ಕರೂ ತಪ್ಪುವುದು 1 ಮಾತ್ರ.

ಮೂರನೆಯದು ನನಗೆ ತುಂಬ ಇಷ್ಟವಾದದ್ದು. ಮನೆಗಳ ಖರ್ಚು ಸಮತಟ್ಟು: 2, 4, 6, 8, 10, ಪ್ರತಿಯೊಂದೂ ಒಂದೊಂದೇ ಸಲ. ಆದರೆ ಸರಾಸರಿಗಳ ಸಾಲಿನಲ್ಲಿ 3, 4 ಒಂದೊಂದು, 5, 6, 7 ಎರಡೆರಡು, 8, 9 ಒಂದೊಂದು. ನಡುವೆ ಆಗಲೇ ಸ್ವಲ್ಪ ಉಬ್ಬಿದೆ. ದೊಡ್ಡ ಮಾದರಿ ತಗೊಂಡ ಹಾಗೆ ಈ ಉಬ್ಬು ಗಂಟೆಯ ಆಕಾರದ ನಾರ್ಮಲ್ ಕರ್ವ್ ಆಗುತ್ತದೆ. ಮೂಲ ಅಂಕಿಗಳು ಗಂಟೆಯ ಆಕಾರದಲ್ಲಿ ಇರಲೇಬೇಕು ಅಂತಿಲ್ಲ. ಸೆಂಟ್ರಲ್ ಲಿಮಿಟ್ ಥಿಯರಂ ಅಂತ ಹೆದರಿಸುವುದು ಇದನ್ನೇ. ಆದಾಯ ಎಷ್ಟೇ ಓರೆಯಾಗಿದ್ದರೂ, ದೊಡ್ಡ ಮಾದರಿಯ ಸರಾಸರಿ ಆದಾಯಕ್ಕೆ ನಾವು ನಾರ್ಮಲ್ ಟೇಬಲ್ ಬಳಸುವ ಧೈರ್ಯ ಇಲ್ಲಿಂದ ಬರುತ್ತದೆ.

ಹುಷಾರಾದ ಓದುಗರಿಗೆ ಇಲ್ಲಿ ಒಂದು ಅನುಮಾನ ಬರಬಹುದು. ಪುಸ್ತಕದ ಸೂತ್ರ ಎಸ್‌ಡಿಯನ್ನು ಮಾದರಿ ಗಾತ್ರದ ವರ್ಗಮೂಲದಿಂದ ಭಾಗಿಸು ಅನ್ನುತ್ತದೆ. 2.83 ಭಾಗಿಸು 1.41, ಬರುವುದು 2. ನಮಗೆ ಬಂದದ್ದು 1.73. ಕಾರಣ, ಊರೇ ಐದು ಮನೆಯದ್ದು, ಅದರಲ್ಲಿ ಎರಡನ್ನು ನೋಡಿಯಾಗಿದೆ. ಸಾವಿರ ಮನೆಯ ಊರಲ್ಲಿ ಎರಡು ಮನೆ ನೋಡಿದರೆ ಈ ವ್ಯತ್ಯಾಸ ಇಲ್ಲವೇ ಇಲ್ಲ ಅನ್ನುವಷ್ಟು ಚಿಕ್ಕದಾಗುತ್ತದೆ.

ಸೂತ್ರದಲ್ಲಿ ವರ್ಗಮೂಲ ಇರುವುದಕ್ಕೆ ದುಬಾರಿ ಬೆಲೆ ತೆರಬೇಕು. ತಪ್ಪನ್ನು ಅರ್ಧ ಮಾಡಲು ಮಾದರಿ ನಾಲ್ಕು ಪಟ್ಟು ಬೇಕು. ಹತ್ತನೇ ಒಂದು ಭಾಗ ಮಾಡಲು ನೂರು ಪಟ್ಟು. ಆದರೆ ಅದೇ ಸೂತ್ರದಲ್ಲಿ ದೇಶದ ಜನಸಂಖ್ಯೆ ಎಲ್ಲೂ ಇಲ್ಲ. 2022-23ರ ಗೃಹ ಬಳಕೆ ವೆಚ್ಚ ಸಮೀಕ್ಷೆ ಇಡೀ ದೇಶಕ್ಕೆ ನೋಡಿದ್ದು 2,61,746 ಕುಟುಂಬಗಳನ್ನು. ‘ನೂರ ನಲವತ್ತು ಕೋಟಿ ಜನಕ್ಕೆ ಇಷ್ಟೇನಾ’ ಅಂತ ಕೇಳುವವರು ಗಾತ್ರದ ಬಗ್ಗೆ ಸುಮ್ನೆ ಚಿಂತೆ ಮಾಡುತ್ತಿದ್ದಾರೆ. ಕೇಳಬೇಕಾದ ಪ್ರಶ್ನೆ, ಆ ಮನೆಗಳನ್ನು ಆರಿಸಿದ್ದು ಹೇಗೆ ಅನ್ನುವುದು.

ಒಂದು ಅಗುಳು ಸಾಕೇ?

ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಹಿಚುಕಿದರೆ ಸಾಕು ಅಂತ ನಮ್ಮಲ್ಲಿ ಹೇಳುತ್ತಾರೆ. ಸ್ಯಾಂಪ್ಲಿಂಗ್ ಪಾಠದಲ್ಲಿ ಈ ಮಾತು ಬಾರದೆ ಇರುವುದಿಲ್ಲ. ಪಾತ್ರೆಯೊಳಗೆ ಎಲ್ಲ ಅಗುಳಿಗೂ ಒಂದೇ ನೀರು, ಒಂದೇ ಬೆಂಕಿ. ಅದಕ್ಕೇ ಒಂದು ಸಾಕಾಗುತ್ತದೆ. ಜನ ಹಾಗಿಲ್ಲ. ಒಂದು ಬಡಾವಣೆಯವರು ಒಂದು ಥರ, ಪಕ್ಕದ ಕೊಳೆಗೇರಿಯವರು ಇನ್ನೊಂದು ಥರ. ಹಾಗಾಗಿ ಎಲ್ಲಿಂದ ತೆಗೆದೆವು ಎನ್ನುವುದು ಎಷ್ಟು ತೆಗೆದೆವು ಎನ್ನುವುದಕ್ಕಿಂತ ಮುಖ್ಯ.

ಇದರ ಪಾಠ ಅಮೆರಿಕಕ್ಕೆ ಸಿಕ್ಕಿದ್ದು 1936ರಲ್ಲಿ. ಲಿಟರರಿ ಡೈಜೆಸ್ಟ್ ಪತ್ರಿಕೆ ಅಧ್ಯಕ್ಷ ಚುನಾವಣೆಗೆ ಮುಂಚೆ ಸುಮಾರು ಒಂದು ಕೋಟಿ ಜನಕ್ಕೆ ಕಾರ್ಡ್ ಕಳಿಸಿತು. 20 ಲಕ್ಷಕ್ಕೂ ಜಾಸ್ತಿ ಉತ್ತರ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಅಂದಿತು ಪತ್ರಿಕೆ. ಗೆದ್ದದ್ದು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ರಲ್ಲಿ. ವಿಳಾಸ ತಗೊಂಡದ್ದು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿ ಇಂಥ ಪಟ್ಟಿಗಳಿಂದ. ಆರ್ಥಿಕ ಕುಸಿತದ ಕಾಲದಲ್ಲಿ ಫೋನು, ಕಾರು ಇದ್ದವರು ಯಾರು ಅಂತ ಎಕನಾಮಿಕ್ಸ್ ವಿದ್ಯಾರ್ಥಿಗೆ ಹೇಳಬೇಕಾಗಿಲ್ಲ. ಉತ್ತರ ಬರೆಯುವ ಉತ್ಸಾಹವೂ ಎಲ್ಲರಿಗೂ ಒಂದೇ ಸಮ ಇರಲಿಲ್ಲ. ಸ್ಟ್ಯಾಂಡರ್ಡ್ ಎರರ್ ಇಂಥ ತಪ್ಪನ್ನು ಹಿಡಿಯುವುದಿಲ್ಲ. ಅದು ಚೀಟಿಯ ಅದೃಷ್ಟದಿಂದ ಆಗುವ ತಪ್ಪನ್ನು ಮಾತ್ರ ಅಳೆಯುತ್ತದೆ. ಪೆಟ್ಟಿಗೆಯೊಳಗೆ ಕೆಲವರ ಚೀಟಿಯನ್ನೇ ಹಾಕದಿದ್ದರೆ ಅದಕ್ಕೆ ಗೊತ್ತಾಗುವ ದಾರಿ ಇಲ್ಲ.

ಭಾರತದಲ್ಲಿ ಈ ಕೆಲಸಕ್ಕೆ ತಳಪಾಯ ಹಾಕಿದವರು ಪ್ರಶಾಂತ ಚಂದ್ರ ಮಹಾಲನೋಬಿಸ್. 1931ರಲ್ಲಿ ಕಲ್ಕತ್ತಾದಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಶುರು ಮಾಡಿದರು. ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆ ಅವರ ದೊಡ್ಡ ಪ್ರಯೋಗ. ಹೊಲದಲ್ಲಿ ಒಂದು ತುಂಡು ಜಾಗ ಗುರುತು ಮಾಡಿ, ಅಷ್ಟನ್ನೇ ಕೊಯ್ದು ಇಳುವರಿ ಅಂದಾಜು ಮಾಡುವುದು ಬೆಳೆ ಸಮೀಕ್ಷೆಯ ವಿಧಾನ. ತುಂಡು ತೀರಾ ಚಿಕ್ಕದಾದರೆ ಇಳುವರಿ ಜಾಸ್ತಿ ಕಾಣುತ್ತದೆ. ಅಂಚಿನ ಮೇಲೆ ಇರುವ ಗಿಡ ಒಳಗೋ ಹೊರಗೋ ಅನ್ನುವ ಗೊಂದಲ ಬಂದಾಗ ಕೊಯ್ಯುವವರು ಒಳಗೇ ಸೇರಿಸಿಬಿಡುತ್ತಾರೆ. ಚಿಕ್ಕ ತುಂಡಿಗೆ ಅಂಚೇ ಜಾಸ್ತಿ. ಸೂತ್ರದಲ್ಲಿ ಇಲ್ಲದ, ಹೊಲಕ್ಕೆ ಹೋದವರಿಗೆ ಮಾತ್ರ ಕಾಣುವ ತಪ್ಪು ಇದು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾಗಿದ್ದೂ ಅವರ ಪ್ರಯತ್ನದಿಂದಲೇ. ಅವರ ಹುಟ್ಟಿದ ದಿನ ಜೂನ್ 29ನ್ನು ಸಂಖ್ಯಾಶಾಸ್ತ್ರ ದಿನ ಅಂತ ಆಚರಿಸುತ್ತಾರೆ.

ಅದೇ ಸಂಸ್ಥೆಯಲ್ಲಿ ಬೆಳೆದ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ, 1920ರಲ್ಲಿ. ಹಡಗಲಿ ಅಂದರೆ ಮಲ್ಲಿಗೆ ನೆನಪಾಗುವವರು ಈ ಹೆಸರನ್ನೂ ನೆನಪಿಟ್ಟುಕೊಳ್ಳಬಹುದು. 1945ರಲ್ಲಿ, ಇನ್ನೂ 25ರ ಆಸುಪಾಸಿನಲ್ಲಿರುವಾಗ, ಅವರು ಒಂದು ಮಿತಿಯನ್ನು ತೋರಿಸಿದರು. ಪಕ್ಷಪಾತ ಇಲ್ಲದ ಅಂದಾಜನ್ನು ಎಷ್ಟೇ ಜಾಣತನದಿಂದ ಮಾಡಿದರೂ ಅದರ ತಪ್ಪು ಒಂದು ಮಟ್ಟಕ್ಕಿಂತ ಕೆಳಗೆ ಇಳಿಯುವುದಿಲ್ಲ. ಕ್ರಾಮರ್-ರಾವ್ ಮಿತಿ ಅಂತ ಎಂ.ಎ. ಪುಸ್ತಕಗಳಲ್ಲಿ ಬರುವುದು ಅದೇ. ಅಲ್ಲೂ ಮಾತು ಸ್ಟ್ಯಾಂಡರ್ಡ್ ಎರರ್‌ನದ್ದೇ.

ಇಷ್ಟರಲ್ಲಿ ಒಂದು ಚಿಕ್ಕ ಪ್ರಶ್ನೆಗೂ ಉತ್ತರ ಕೊಟ್ಟುಬಿಡೋಣ. ಮಾದರಿಯ ಎಸ್‌ಡಿ ತೆಗೆಯುವಾಗ ಗಾತ್ರಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ಯಾಕೆ ಭಾಗಿಸುತ್ತಾರೆ? ಐದು ಮನೆಗಳ ಊರಿಗೇ ಹೋಗಿ, 2 ಮತ್ತು 4 ಸಿಕ್ಕ ಮಾದರಿ ನೋಡಿ. ಅದರ ಸರಾಸರಿ 3. ಅಲ್ಲಿಂದ ಅಂತರಗಳ ವರ್ಗ ಕೂಡಿಸಿದರೆ 2. ನಿಜವಾದ ಸರಾಸರಿ 6ರಿಂದ ಅಳೆದರೆ 20! ಮಾದರಿ ಯಾವಾಗಲೂ ತನ್ನ ಸ್ವಂತ ಸರಾಸರಿಗೆ ಹತ್ತಿರ ಇರುತ್ತದೆ. ಹಾಗಾಗಿ ಏರುಪೇರು ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಸಣ್ಣ ಸಂಖ್ಯೆಯಿಂದ ಭಾಗಿಸಿ ಅದನ್ನು ಸ್ವಲ್ಪ ಮೇಲಕ್ಕೆ ಎತ್ತುತ್ತೇವೆ. ಸೈಂಟಿಫಿಕ್ ಕ್ಯಾಲ್ಕುಲೇಟರ್‌ನಲ್ಲಿ ಎಸ್‌ಡಿಗೆ ಎರಡು ಆಯ್ಕೆ ಇರುವುದೂ ಇದಕ್ಕೇ. ಪರೀಕ್ಷೆಯ ಹಿಂದಿನ ದಿನವೇ ಯಾವುದು ಯಾವುದು ಅಂತ ನೋಡಿಟ್ಟುಕೊಳ್ಳಿ.

ಒಂದು ಲೀಟರ್‌ನ ಜಗಳ

ಟೆಸ್ಟಿಂಗ್ ಅಂದರೆ ಮೇಲಿನ ಕಥೆಯನ್ನೇ ತಿರುಗಿಸಿ ಕೇಳುವುದು. ‘ಈ ಊರಲ್ಲಿ ತಿಂಗಳಿಗೆ ಮನೆಗೆ ಸರಾಸರಿ 20 ಲೀಟರ್ ಹಾಲು ಖರ್ಚಾಗುತ್ತದೆ’ ಅಂತ ಡೈರಿಯವರು ಹೇಳುತ್ತಾರೆ. ನಾವು 100 ಮನೆ ನೋಡಿದೆವು. ಸರಾಸರಿ 21, ಎಸ್‌ಡಿ 6. ಡೈರಿಯವರ ಮಾತು ತಪ್ಪಾ?

ಸ್ಟ್ಯಾಂಡರ್ಡ್ ಎರರ್ 6 ಭಾಗಿಸು 10, ಅಂದರೆ 0.6. ನಮ್ಮ ಅಂದಾಜು ಮಾಮೂಲಾಗಿಯೇ 0.6ರಷ್ಟು ಅತ್ತಿತ್ತ ಆಗುತ್ತದೆ. ಈಗ ಕಂಡ ವ್ಯತ್ಯಾಸ 1. ಅಂದರೆ 1.67 ಪಟ್ಟು. ಟಿ ಬೆಲೆ ಅಂದರೆ ಇಷ್ಟೇ: ವ್ಯತ್ಯಾಸ ಎಷ್ಟು ಸ್ಟ್ಯಾಂಡರ್ಡ್ ಎರರ್‌ಗಳಷ್ಟು ಇದೆ? 5% ಮಟ್ಟಕ್ಕೆ (ನಿಜವಾದ ಮಾತನ್ನು ತಪ್ಪಾಗಿ ತಳ್ಳಿಹಾಕುವ ಸಾಧ್ಯತೆ 5%) ಸುಮಾರು 2 ದಾಟಬೇಕು. ದಾಟಿಲ್ಲ. ಡೈರಿಯವರ ಮಾತನ್ನು ತಳ್ಳಿಹಾಕಲು ನಮ್ಮ ಹತ್ತಿರ ಸಾಕಷ್ಟು ಪುರಾವೆ ಇಲ್ಲ.

ಈಗ 400 ಮನೆ ನೋಡಿದೆವು ಅನ್ನಿ. ಅದೇ 21, ಅದೇ 6. ಸ್ಟ್ಯಾಂಡರ್ಡ್ ಎರರ್ 0.3. ಟಿ ಬೆಲೆ 3.33. ತಳ್ಳಿಹಾಕಿಯಾಯಿತು! ಪುಸ್ತಕದ ಮಾತಿನಲ್ಲಿ ವ್ಯತ್ಯಾಸ ಈಗ ‘ಸಿಗ್ನಿಫಿಕೆಂಟ್’. ಹಾಲು ಒಂದು ಹನಿಯೂ ಜಾಸ್ತಿ ಆಗಿಲ್ಲ. ಜಾಸ್ತಿ ಆದದ್ದು ನಮ್ಮ ಅಂದಾಜಿನ ಮೇಲಿನ ಭರವಸೆ. ‘ಸಿಗ್ನಿಫಿಕೆಂಟ್’ ಅಂದ ತಕ್ಷಣ ‘ದೊಡ್ಡದು, ಮುಖ್ಯವಾದದ್ದು’ ಅಂತ ಬರೆಯುವವರು ಈ ಎರಡು ಲೆಕ್ಕವನ್ನು ಪಕ್ಕ ಪಕ್ಕ ಇಟ್ಟು ನೋಡಬೇಕು. ಒಂದು ಲೀಟರ್ ಮುಖ್ಯವೋ ಅಲ್ಲವೋ ಅಂತ ಟಿ ಟೇಬಲ್ ಹೇಳುವುದಿಲ್ಲ. ಅದನ್ನು ಹೇಳಬೇಕಾದ್ದು ಎಕನಾಮಿಕ್ಸ್.

ಪಿ ಬೆಲೆಯನ್ನು ಅರ್ಥಮಾಡಿಕೊಳ್ಳುವಲ್ಲಿ ಮೇಷ್ಟ್ರುಗಳೂ ಜಾರುತ್ತಾರೆ. 100 ಮನೆಯ ಲೆಕ್ಕದಲ್ಲಿ ಪಿ ಬೆಲೆ ಸುಮಾರು 10%. ಇದರರ್ಥ ‘ಡೈರಿಯವರ ಮಾತು ನಿಜ ಆಗಿರುವ ಸಾಧ್ಯತೆ 10%’ ಅಂತ ಅಲ್ಲವೇ ಅಲ್ಲ. ಡೈರಿಯವರ ಮಾತು ನಿಜ ಅಂತಲೇ ಇಟ್ಟುಕೊಂಡರೆ, 100 ಮನೆಯ ಮಾದರಿಯಲ್ಲಿ ಒಂದು ಲೀಟರ್ ಅಥವಾ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬರೀ ಚೀಟಿಯ ಆಟದಿಂದ ಬರುವ ಸಾಧ್ಯತೆ 10% ಅಂತ.

ಅಂದ ಹಾಗೆ, ಟಿ ಟೇಬಲ್ ಹುಟ್ಟಿದ್ದು ಬಿಯರ್ ಕಾರ್ಖಾನೆಯಲ್ಲಿ. ಡಬ್ಲಿನ್‌ನ ಗಿನ್ನೆಸ್ ಕಂಪನಿಯಲ್ಲಿದ್ದ ವಿಲಿಯಂ ಗಾಸೆಟ್‌ಗೆ ಕಚ್ಚಾ ಮಾಲಿನ ಪರೀಕ್ಷೆಯಲ್ಲಿ ಸಿಗುತ್ತಿದ್ದದ್ದು ಬೆರಳೆಣಿಕೆಯ ಮಾದರಿಗಳು. ಅಷ್ಟು ಚಿಕ್ಕ ಮಾದರಿಯಲ್ಲಿ ಎಸ್‌ಡಿಯೂ ಒಂದು ಅಂದಾಜೇ. ನಾರ್ಮಲ್ ಟೇಬಲ್ ಬಳಸಿದರೆ ಇಲ್ಲದ ಭರವಸೆ ಬಂದುಬಿಡುತ್ತದೆ. ಅದಕ್ಕೆ ಪರಿಹಾರ ಹುಡುಕಿ 1908ರಲ್ಲಿ ಪ್ರಕಟಿಸಿದರು. ಕಂಪನಿ ಸ್ವಂತ ಹೆಸರು ಹಾಕಲು ಬಿಡದ ಕಾರಣ ‘ಸ್ಟೂಡೆಂಟ್’ ಅಂತ ಸಹಿ. ‘ಸ್ಟೂಡೆಂಟ್ಸ್ ಟಿ’ ಅಂದರೆ ವಿದ್ಯಾರ್ಥಿಗಳಿಗಾಗಿ ಮಾಡಿದ ಟಿ ಅಂದುಕೊಂಡವರು ಈಗ ನಗಬಹುದು.

ರಿಗ್ರೆಶನ್ ಟೇಬಲ್ ಓದುವುದು

ರಿಗ್ರೆಶನ್ ಅಂದರೆ ಒಂದು ಅಂಕಿಯ ಜೊತೆ ಇನ್ನೊಂದು ಎಷ್ಟು ಬದಲಾಗುತ್ತದೆ ಅಂತ ಅಳೆಯುವ ಲೆಕ್ಕ. ಪ್ರಾಜೆಕ್ಟ್ ಶುರುವಾದಾಗ ಕಂಪ್ಯೂಟರ್ ಒಂದು ಟೇಬಲ್ ಉಗುಳುತ್ತದೆ. ಅದರ ತುಂಬ ಅಂಕಿ. ಒಂದು ಕಲ್ಪಿತ ಉದಾಹರಣೆ ನೋಡೋಣ. 60 ಕುಟುಂಬಗಳ ಒಟ್ಟು ತಿಂಗಳ ಖರ್ಚು, ಆಹಾರದ ಖರ್ಚು ತಗೊಂಡಿದ್ದೇವೆ. ಟೇಬಲ್ ಹೇಳುತ್ತದೆ: ಸ್ಥಿರಾಂಕ 900, ಒಟ್ಟು ಖರ್ಚಿನ ಗುಣಾಂಕ 0.38, ಅದರ ಸ್ಟ್ಯಾಂಡರ್ಡ್ ಎರರ್ 0.05, ಟಿ ಬೆಲೆ 7.6, ಆರ್ ಸ್ಕ್ವೇರ್ (ಆಹಾರದ ಖರ್ಚಿನ ಏರುಪೇರಿನಲ್ಲಿ ಒಟ್ಟು ಖರ್ಚಿನಿಂದ ವಿವರಿಸಬಹುದಾದ ಪಾಲು) 0.50.

0.38 ಅಂದರೆ ಖರ್ಚು ಒಂದು ರೂಪಾಯಿ ಜಾಸ್ತಿ ಇರುವ ಮನೆಯಲ್ಲಿ ಆಹಾರಕ್ಕೆ ಸರಾಸರಿ 38 ಪೈಸೆ ಜಾಸ್ತಿ. ಆ 0.05 ಎಲ್ಲಿಂದ ಬಂತು? ಐದು ಮನೆಗಳ ಊರಿಂದಲೇ. ಬೇರೆ 60 ಕುಟುಂಬ ಸಿಕ್ಕಿದ್ದರೆ 0.38ರ ಬದಲು 0.35ಓ 0.42ಓ ಬರುತ್ತಿತ್ತು. ಹಾಗೆ ಬರಬಹುದಾಗಿದ್ದ ಗುಣಾಂಕಗಳ ಏರುಪೇರೇ 0.05. 0.38ನ್ನು ಅದರಿಂದ ಭಾಗಿಸಿದರೆ 7.6. ಗುಣಾಂಕದ ಎರಡೂ ಕಡೆ ಸುಮಾರು ಎರಡು ಸ್ಟ್ಯಾಂಡರ್ಡ್ ಎರರ್ ಹೋದರೆ 0.28ರಿಂದ 0.48, ಇದು 95% ವಿಶ್ವಾಸಾಂತರ, ಅಂದರೆ ನಿಜವಾದ ಗುಣಾಂಕ ಇರಬಹುದು ಅಂತ ನಾವು ನಂಬುವ ವ್ಯಾಪ್ತಿ. ಟೇಬಲ್‌ನ ಮುಕ್ಕಾಲು ಭಾಗ ಇಷ್ಟರಲ್ಲೇ ಮುಗಿಯಿತು.

ಸ್ಥಿರಾಂಕ 900ನ್ನು ‘ಖರ್ಚೇ ಇಲ್ಲದ ಮನೆಯ ಆಹಾರದ ಖರ್ಚು’ ಅಂತ ಬರೆಯಬೇಡಿ, ಅಂಥ ಮನೆ ಇಲ್ಲ. ಆದರೆ ಅದರೊಳಗೆ ಒಂದು ಹಳೆಯ ಎಕನಾಮಿಕ್ಸ್ ನಿಯಮ ಅಡಗಿದೆ. 5,000 ಖರ್ಚಿನ ಮನೆಗೆ ಈ ಸಮೀಕರಣ ಹಾಕಿ: ಆಹಾರ 2,800, ಅಂದರೆ 56%. 10,000ಕ್ಕೆ 4,700, ಅಂದರೆ 47%. 20,000ಕ್ಕೆ 42.5%. ಆಹಾರಕ್ಕೆ ಹಾಕುವ ದುಡ್ಡು ಏರುತ್ತಿದೆ, ಪಾಲು ಇಳಿಯುತ್ತಿದೆ. ಜರ್ಮನಿಯ ಅರ್ನ್ಸ್ಟ್ ಎಂಗೆಲ್ 1857ರಲ್ಲಿ ಬೆಲ್ಜಿಯಂನ ಕುಟುಂಬಗಳ ಲೆಕ್ಕ ನೋಡಿ ಹೇಳಿದ್ದು ಇದನ್ನೇ. ಗ್ರಾಮೀಣ ಭಾರತದ 59.4% ಇಳಿದು 46.4% ಆದದ್ದನ್ನೂ ಇದೇ ಕಣ್ಣಿನಿಂದ ನೋಡಬಹುದು.

ಮುಂದಿನ ವರ್ಷ ಎಕನಾಮೆಟ್ರಿಕ್ಸ್‌ನಲ್ಲಿ ಮೂರು ಭಯಂಕರ ಹೆಸರುಗಳು ಬರುತ್ತವೆ: ಹೆಟರೋಸ್ಕೆಡಾಸ್ಟಿಸಿಟಿ, ಆಟೊಕೋರಿಲೇಶನ್, ಮಲ್ಟಿಕೊಲಿನಿಯಾರಿಟಿ. ಮೂರೂ ಸ್ಟ್ಯಾಂಡರ್ಡ್ ಎರರ್‌ನ ಕಾಯಿಲೆಗಳು. ಬಡವರ ಮನೆಗಳಲ್ಲಿ ಆಹಾರದ ಖರ್ಚು ಹೆಚ್ಚುಕಡಿಮೆ ಒಂದೇ ಥರ. ಅನುಕೂಲಸ್ಥರಲ್ಲಿ ಒಬ್ಬರು ಹೋಟೆಲ್‌ಗೆ ಸುರಿಯುತ್ತಾರೆ, ಇನ್ನೊಬ್ಬರು ಅನ್ನ ಸಾರಲ್ಲೇ ಖುಷಿ. ಏರುಪೇರು ಎಲ್ಲ ಕಡೆ ಒಂದೇ ಇಲ್ಲ, ಇದು ಮೊದಲನೆಯದು. ಈ ವರ್ಷದ ಏರುಪೇರು ಹೋದ ವರ್ಷದ್ದಕ್ಕೆ ಅಂಟಿಕೊಂಡಿದ್ದರೆ ಎರಡನೆಯದು. ಇವೆರಡರಲ್ಲಿ ಮಾಮೂಲು ಸೂತ್ರ ಕೊಡುವ ಸ್ಟ್ಯಾಂಡರ್ಡ್ ಎರರ್ ತಪ್ಪಾಗುತ್ತದೆ. ಮೂರನೆಯದರಲ್ಲಿ ಎರಡು ಕಾರಣಗಳು ಜೊತೆಜೊತೆಗೇ ಓಡಾಡುವುದರಿಂದ ಸ್ಟ್ಯಾಂಡರ್ಡ್ ಎರರ್ ಊದಿಕೊಳ್ಳುತ್ತದೆ.

ಬಿಟ್ಟುಹೋದ ಕಾರಣದ ಸಮಸ್ಯೆ ಬೇರೆ, ಅದು ಗುಣಾಂಕವನ್ನೇ ಕೆಡಿಸುತ್ತದೆ. ಮನೆಯಲ್ಲಿ ಜನ ಜಾಸ್ತಿ ಇದ್ದರೆ ಒಟ್ಟು ಖರ್ಚೂ ಜಾಸ್ತಿ, ಊಟದ ಖರ್ಚೂ ಜಾಸ್ತಿ. ಸದಸ್ಯರ ಸಂಖ್ಯೆ ಸೇರಿಸದೆ ಬಂದ 0.38ರಲ್ಲಿ ಆ ಬಾಯಿಗಳ ಪಾಲೂ ಸೇರಿಕೊಂಡಿದೆ. ಇದನ್ನು ಕಂಪ್ಯೂಟರ್ ಹೇಳುವುದಿಲ್ಲ. ಮನೆ ನಡೆಸುವುದು ಹೇಗೆ ಅಂತ ಗೊತ್ತಿರುವವರು ಹೇಳಬೇಕು.

ಇನ್ನು ಕಾಲಸರಣಿ. ಬ್ರಿಟನ್ನಿನ ಉಡ್ನಿ ಯೂಲ್ 1926ರಲ್ಲಿ ಒಂದು ತಮಾಷೆಯ ಲೆಕ್ಕ ತೋರಿಸಿದರು. 1866ರಿಂದ 1911ರವರೆಗೆ ಇಂಗ್ಲೆಂಡಿನ ಚರ್ಚ್‌ನಲ್ಲಿ ಆದ ಮದುವೆಗಳ ಪ್ರಮಾಣಕ್ಕೂ ಸಾವಿನ ದರಕ್ಕೂ ಸಹಸಂಬಂಧ 0.95! ಎರಡೂ ಆ ಕಾಲದಲ್ಲಿ ಇಳಿಯುತ್ತಾ ಬಂದಿದ್ದವು, ಅಷ್ಟೇ ಸಂಬಂಧ. ಜಿಡಿಪಿ, ಬ್ಯಾಂಕ್ ಠೇವಣಿ, ಮೊಬೈಲ್ ಸಂಖ್ಯೆ ಎಲ್ಲ ಏರುವ ಸರಣಿಗಳೇ. ಇಂಥ ಯಾವ ಎರಡನ್ನು ಜೋಡಿಸಿದರೂ ಹೆಚ್ಚಿನ ಸಲ ಆರ್ ಸ್ಕ್ವೇರ್ ತುಂಬಾ ದೊಡ್ಡದಾಗಿಯೇ ಬರುತ್ತದೆ. ಪ್ರಾಜೆಕ್ಟ್ ವೈವಾದಲ್ಲಿ ಅದನ್ನು ತೋರಿಸಿ ಹೆಮ್ಮೆಪಡುವ ಮೊದಲು, ಮಟ್ಟದ ಬದಲು ವರ್ಷದಿಂದ ವರ್ಷಕ್ಕೆ ಆದ ಬದಲಾವಣೆ ತಗೊಂಡು ಮತ್ತೆ ಓಡಿಸಿ ನೋಡಿ.

ಪರೀಕ್ಷೆಗೆ, ಆಮೇಲೆ

ಉತ್ತರ ಪತ್ರಿಕೆಯಲ್ಲಿ ‘ನಲ್ ಹೈಪಾಥಿಸಿಸ್ ಅನ್ನು ಒಪ್ಪಲಾಗಿದೆ’ ಅಂತ ಬರೆಯುವ ಅಭ್ಯಾಸ ಬಿಡಿ (ನಲ್ ಹೈಪಾಥಿಸಿಸ್ ಅಂದರೆ ಡೈರಿಯವರ ಮಾತಿನ ಹಾಗೆ ನಾವು ಪರೀಕ್ಷೆಗೆ ಒಡ್ಡಿದ ಹೇಳಿಕೆ). ‘ತಳ್ಳಿಹಾಕಲು ಪುರಾವೆ ಸಾಲದು’ ಅಂತ ಬರೆಯಿರಿ. ಅಂಕಿ ಬಂದ ಮೇಲೆ ಒಂದು ಸಾಲು ಅರ್ಥ ಬರೆಯಿರಿ, ಯೂನಿಟ್ ಸಮೇತ. ರೂಪಾಯಿಯೋ, ಲೀಟರೋ, ಶೇಕಡಾವೋ ಹೇಳದ ಗುಣಾಂಕಕ್ಕೆ ಅರ್ಥವೇ ಇಲ್ಲ.

ಎಕ್ಸೆಲ್‌ನಲ್ಲೇ ಸಾಧಾರಣ ರಿಗ್ರೆಶನ್ ಆಗುತ್ತದೆ. ಆರ್ ಮತ್ತು ಗ್ರೆಟ್ಲ್ ಅನ್ನುವ ಸಾಫ್ಟ್‌ವೇರ್‌ಗಳು ಎರಡೂ ಉಚಿತ. ಮೊದಲ ಸಲಕ್ಕೆ ಗ್ರೆಟ್ಲ್ ಸುಲಭ, ಮುಂದೆ ಓದುವ ಆಸೆ ಇದ್ದರೆ ಆರ್ ಕಲಿಯುವುದು ಒಳ್ಳೆಯದು. ಅಭ್ಯಾಸಕ್ಕೆ ಪುಸ್ತಕದ ಕಟ್ಟುಕಥೆಯ ಅಂಕಿಗಳೇ ಬೇಕಿಲ್ಲ. ಬಳಕೆ ವೆಚ್ಚ ಸಮೀಕ್ಷೆಯ ಮನೆ ಮನೆಯ ಅಂಕಿಗಳನ್ನು ಕೇಂದ್ರದ ಸಂಖ್ಯಾಶಾಸ್ತ್ರ ಸಚಿವಾಲಯ ತನ್ನ ವೆಬ್‌ಸೈಟ್‌ನಲ್ಲಿ ಹೆಸರು, ವಿಳಾಸ ಇಲ್ಲದೆ ಉಚಿತವಾಗಿ ಇಟ್ಟಿದೆ. ಕರ್ನಾಟಕದ ಸಾಲುಗಳನ್ನು ಬೇರೆ ಮಾಡಿ ಮೇಲಿನ ಎಂಗೆಲ್ ಲೆಕ್ಕವನ್ನೇ ಮಾಡಬಹುದು. ಒಂದು ಮಾತು: ಆ ಫೈಲ್‌ಗಳಲ್ಲಿ ಮಲ್ಟಿಪ್ಲೈಯರ್ ಅಂತ ಒಂದು ಕಾಲಂ ಇರುತ್ತದೆ. ಮಾದರಿಯ ಒಂದೊಂದು ಮನೆ ನಿಜದಲ್ಲಿ ಎಷ್ಟು ಮನೆಗಳ ಪರವಾಗಿ ನಿಂತಿದೆ ಅಂತ ಅದು ಹೇಳುತ್ತದೆ. ಅದನ್ನು ಹಾಕದೆ ತೆಗೆದ ಸರಾಸರಿ ಸರ್ಕಾರಿ ವರದಿಯ ಸರಾಸರಿಗೆ ತಾಳೆಯಾಗುವುದಿಲ್ಲ. ತಾಳೆಯಾಗದಿದ್ದರೆ ಮೊದಲು ನೋಡಬೇಕಾದ ಜಾಗ ಆ ಕಾಲಂ.